ವಯಸ್ಸು ನೋಡಿ ಗೇಮಿಂಗ್ ಕಂಪ್ಯೂಟರ್ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಗೇಮ್ ಆಡುವ ಕಂಪ್ಯೂಟರ್ ನಿಧಾನವಾಗಿದೆ ಅಂತ ಯಾರಾದರೂ ಹೇಳಿದರೆ ಸಾಕು, ಐದು ವರ್ಷ ಆಯ್ತಾ, ಹಾಗಾದರೆ ಹೊಸದು ತಗೊಳ್ಳಿ ಅನ್ನುವ ಉತ್ತರ ತಕ್ಷಣ ಬರುತ್ತದೆ. ನನಗೆ ಇದು ಒಪ್ಪಿಗೆ ಇಲ್ಲ. ನನ್ನ ಮೆಷಿನ್ 2018ರದ್ದು, ಅಕ್ಕನ ಮಗನದ್ದು 2017ರದ್ದು. ಒಂದೇ ವರ್ಷದ ಅಂತರ. ನನ್ನದು ಉಳಿಯಿತು, ಅವನದ್ದನ್ನು ಬದಲಿಸಲೇಬೇಕಾಯಿತು. ಯಾಕೆ ಹಾಗಾಯಿತು ಅಂತ ಬರೆಯುತ್ತಿದ್ದೇನೆ, ಇದೇ ಗೊಂದಲದಲ್ಲಿರುವ ಬೇರೆ ಓದುಗರೂ ಇರುತ್ತಾರೆ ಅಲ್ವಾ.

ನನ್ನದರಲ್ಲಿ ಇದ್ದದ್ದು ರೈಜನ್ 5 2600 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್. ಗೇಮ್ ಚೆನ್ನಾಗೇ ಓಡುತ್ತಿತ್ತು, ಆದರೆ ಜನ ಜಾಸ್ತಿ ಇರುವ ಜಾಗಕ್ಕೆ ಹೋದ ಕೂಡಲೇ ತಡವರಿಸುತ್ತಿತ್ತು. ಕಾರ್ಡ್ ಹಳೆಯದಾಯ್ತು, ಅದನ್ನು ಬದಲಿಸು ಅಂದರು ಎಲ್ಲರೂ. ದುಡ್ಡು ಹಾಕುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಗೇಮಿನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿದೆ. ಹೀಗೆ ಮಾಡಿದರೆ ಕಾರ್ಡ್ ಬಿಡಿಸಬೇಕಾದ ಪಿಕ್ಸೆಲ್‌ಗಳು ಅರ್ಧಕ್ಕಿಂತ ಕಡಿಮೆ ಆಗುತ್ತವೆ. ಆದರೂ ಎಫ್‌ಪಿಎಸ್ (ಪರದೆ ಮೇಲೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಏರಲೇ ಇಲ್ಲ. ಅಂದರೆ ಕಾರ್ಡ್ ಸುಮ್ನೆ ಕಾಯುತ್ತಾ ಕೂತಿತ್ತು, ಪ್ರೊಸೆಸರ್ ಮತ್ತು ರ‍್ಯಾಮ್ ಕಡೆಯಿಂದ ಅದಕ್ಕೆ ಕೆಲಸವೇ ಸರಿಯಾಗಿ ಬರುತ್ತಿರಲಿಲ್ಲ. ಹೊಸ ಕಾರ್ಡ್ ತಂದು ಹಾಕಿದ್ದರೆ ಅದೂ ಹಾಗೇ ಕಾಯುತ್ತಿತ್ತು. ನಿಮ್ಮಲ್ಲಿ ಇದರ ಉಲ್ಟಾ ಆದರೆ, ಅಂದರೆ ರೆಸಲ್ಯೂಷನ್ ಇಳಿಸಿದ ಕೂಡಲೇ ಎಫ್‌ಪಿಎಸ್ ಜಿಗಿದರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಕೆ ಯಾವಾಗಲೂ ಶೇಕಡಾ ನೂರರ ಹತ್ತಿರವೇ ಇದ್ದರೆ, ಆಗ ಕಾರ್ಡ್ ಬದಲಿಸಿ.

ಕ್ಯಾಬಿನೆಟ್ ಬಿಚ್ಚಿದಾಗ ಇನ್ನೊಂದು ವಿಷಯ ಕಾಣಿಸಿತು. 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್ಕಿನಲ್ಲಿತ್ತು. ಅದೇ ವೇಗದ ಎರಡನೇ ಸ್ಟಿಕ್ ಹಾಕಿದರೆ ಜಾಗ ಅಷ್ಟೇ ಅಲ್ಲ, ಡ್ಯುಯಲ್ ಚಾನೆಲ್ ಆಗಿ ರ‍್ಯಾಮ್ ಮತ್ತು ಪ್ರೊಸೆಸರ್ ನಡುವಿನ ದಾರಿಯೇ ಎರಡರಷ್ಟು ಅಗಲವಾಗುತ್ತದೆ. ಹಾಕಿದೆ. ಫ್ಯಾನಿನ ಧೂಳು ತೆಗೆದೆ, ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ, ಒಣಗಿ ಹೋಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ತಡವರಿಕೆ ಬಹಳ ಮಟ್ಟಿಗೆ ಹೋಯಿತು. ಆಮೇಲೆ ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯಾಸ್ ಅಪ್‌ಡೇಟ್ ಮಾಡಿ (ಇದನ್ನು ಮಾಡುವಾಗ ಕರೆಂಟ್ ಹೋಗಬಾರದು, ಹೋದರೆ ಬೋರ್ಡೇ ಎದ್ದೇಳದೆ ಇರಬಹುದು) ಅದೇ ಬಿ450 ಬೋರ್ಡಿಗೆ 2022ರಲ್ಲಿ ಬಂದ ರೈಜನ್ 5 5600 ಕೂರಿಸಿದೆ. ಕೋರ್‌ಗಳು ಆರೇ, ಆದರೆ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿಯಿಂದ 32 ಎಂಬಿ ಆಯಿತು, ಪ್ರತಿ ಕೋರ್ ಕೂಡ ಹಳೆಯದಕ್ಕಿಂತ ತುಂಬಾ ಚುರುಕು. ಎಎಂಡಿಯವರು ಎಎಂ4 ಸಾಕೆಟ್ಟನ್ನು (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಅಷ್ಟು ವರ್ಷ ಉಳಿಸಿಕೊಂಡಿದ್ದರಿಂದ ನನ್ನ ಕಂಪ್ಯೂಟರ್ ಉಳಿಯಿತು.

ಅಕ್ಕನ ಮಗನದ್ದು ಇಂಟೆಲ್ ಐ5 7600. ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು). ಅವನಿಗೂ ಪ್ರೊಸೆಸರ್‌ದೇ ತೊಂದರೆ. ಮಾಮ, ಎಂಟನೇ ಪೀಳಿಗೆಯ ಪ್ರೊಸೆಸರ್‌ಗೂ ಎಲ್‌ಜಿಎ 1151 ಸಾಕೆಟ್ಟೇ ಅಲ್ವಾ, ಹಾಕಬಹುದಾ ಅಂತ ಕೇಳಿದ. ಸಾಕೆಟ್ಟಿನ ಹೆಸರು ಒಂದೇ, ಆದರೆ ಹಳೆಯ ಬೋರ್ಡಿಗೆ ಅದು ಆಗುವುದಿಲ್ಲ. ಇಂಟೆಲ್ ಹೊಸ ಚಿಪ್‌ಸೆಟ್ಟಿನ (ಬೋರ್ಡಿನ ನಿಯಂತ್ರಕ ಚಿಪ್) ಬೋರ್ಡೇ ಬೇಕು ಅಂದುಬಿಟ್ಟಿತು. ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ವಿಂಡೋಸ್ 11ರ ಪ್ರೊಸೆಸರ್ ಪಟ್ಟಿಯಲ್ಲಿ ಐ5 7600 ಇಲ್ಲ, ನನ್ನ 2600 ಇತ್ತು. ಬೋರ್ಡ್, ಪ್ರೊಸೆಸರ್, ಈಗಿನ ಹೆಚ್ಚಿನ ಬೋರ್ಡುಗಳಿಗೆ ಬೇಕಾದ ಡಿಡಿಆರ್5 ರ‍್ಯಾಮ್, ಮೂರನ್ನೂ ಒಟ್ಟಿಗೆ ಬದಲಿಸಬೇಕು ಅಂದರೆ ಅದು ಅಪ್‌ಗ್ರೇಡ್ ಅಲ್ಲ, ಹೊಸ ಕಂಪ್ಯೂಟರೇ. ಹಾಗೇ ಮಾಡಿ ಅಂತ ನಾನೇ ಹೇಳಿದೆ. ಆದರೆ ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್, ಕೀಬೋರ್ಡ್ ಎಲ್ಲಾ ಹಳೆಯವೇ ಉಳಿದವು. ಹೊಸ ಕಂಪ್ಯೂಟರ್ ಅಂದರೆ ಎಲ್ಲವನ್ನೂ ಎಸೆಯುವುದು ಅಂತ ಏನಿಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಅದರಲ್ಲಿ ಸರಿಯಾದ ಕ್ರಮದಲ್ಲಿ ಮರುಬಳಕೆಗೆ ಹೋಗಿದ್ದು ಕಾಲು ಭಾಗಕ್ಕಿಂತ ಕಡಿಮೆ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಕಾರ್ಡ್ ಬದಲಿಸುವವರು ಎಸ್‌ಎಂಪಿಎಸ್ (ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ನೋಡದೆ ತರುತ್ತಾರೆ, ಇದನ್ನಂತೂ ಖಂಡಿತ ಮಾಡಬೇಡಿ. ಜಿಟಿಎಕ್ಸ್ 1060 ಎಳೆಯುವುದು 120 ವ್ಯಾಟ್, ಆರ್‌ಟಿಎಕ್ಸ್ 3080 ಎಳೆಯುವುದು 320. ಎಂಟು ವರ್ಷ ದುಡಿದ ಅಗ್ಗದ ಎಸ್‌ಎಂಪಿಎಸ್ ಮೇಲೆ ಅಷ್ಟು ಭಾರ ಹಾಕಿದರೆ ಆಟದ ನಡುವೆ ಮೆಷಿನ್ ಆಫ್ ಆಗುತ್ತದೆ, ಕೆಟ್ಟರೆ ಉಳಿದ ಭಾಗಗಳನ್ನೂ ಕರೆದುಕೊಂಡು ಹೋಗುತ್ತದೆ. ಬೋರ್ಡ್ ಹಳೆಯದಾಗಿದ್ದರೆ ಕಾರ್ಡ್ ಎಷ್ಟು ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ) ಬಳಸುತ್ತದೆ ಅಂತಲೂ ನೋಡಿ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್, ಹಾಗಾಗಿ ಹಳೆಯ, ನಿಧಾನದ ಪಿಸಿಐಇ 3.0 ಲೇನ್ ಇರುವ ಬೋರ್ಡಿನಲ್ಲಿ ಅದರ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ.

ನನ್ನ 1060ಕ್ಕೂ ಕೊನೆ ಹತ್ತಿರ ಬಂದಿದೆ, ಅದು ನನಗೆ ಗೊತ್ತು. ರೇ ಟ್ರೇಸಿಂಗ್ (ಬೆಳಕು ಹರಿಯುವ ರೀತಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಸೌಲಭ್ಯ ಇಲ್ಲದ ಕಾರ್ಡಿನಲ್ಲಿ 2025ರ 'ಡೂಮ್: ದಿ ಡಾರ್ಕ್ ಏಜಸ್' ನಡೆಯುವುದಿಲ್ಲ. ಅಂಥ ಗೇಮ್ ಆಡಬೇಕು ಅನಿಸಿದ ದಿನ ಕಾರ್ಡ್ ಬದಲಿಸುತ್ತೇನೆ. ಅಲ್ಲಿಯವರೆಗೆ ಯಾಕೆ? 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದಾರೆ, ಹಾಗಾಗಿ ಡಿಡಿಆರ್4 (ಡಿಡಿಆರ್5ಕ್ಕಿಂತ ಹಿಂದಿನ ಪೀಳಿಗೆ) ಬೋರ್ಡ್ ಇರುವವರು ಅದನ್ನು ಬಿಡಲು ಆತುರ ಮಾಡಬೇಡಿ. ಗೇಮಿಂಗ್ ಲ್ಯಾಪ್‌ಟಾಪ್ ಇರುವವರಿಗೆ ಮಾತ್ರ ಇಷ್ಟು ದಾರಿ ಇಲ್ಲ. ಹೆಚ್ಚಿನವುಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬಿಟ್ಟರೆ ಬೇರೆ ಏನೂ ಬದಲಿಸಲು ಆಗುವುದಿಲ್ಲ.

ಸಂಪಾದಕರಲ್ಲಿ ಒಂದು ವಿನಂತಿ. ಪತ್ರಿಕೆಯಲ್ಲಿ ಹೊಸ ಮಾಡೆಲ್‌ಗಳ ಪರಿಚಯ ಬರುತ್ತದೆ, ಬರಲಿ. ಅದರ ಜೊತೆಗೆ ತಮ್ಮ ಬೋರ್ಡ್ ಯಾವುದು ಅಂತ ತಿಳಿಯುವುದು ಹೇಗೆ, ತಯಾರಕರ ಸೈಟಿನಲ್ಲಿ ಅದಕ್ಕೆ ಆಗುವ ಪ್ರೊಸೆಸರ್‌ಗಳ ಪಟ್ಟಿ ಎಲ್ಲಿರುತ್ತದೆ, ಬಯಾಸ್ ಅಪ್‌ಡೇಟ್ ಹೇಗೆ ಮಾಡುವುದು, ಇದನ್ನೂ ಕನ್ನಡದಲ್ಲಿ ಚಿತ್ರಗಳ ಸಮೇತ ಬರೆಸಿ. ಅಕ್ಕನ ಮಗನಂಥ ಹುಡುಗರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇಂತಿ,
ನಿಮ್ಮ ಓದುಗ