ಇಂಟರ್ನೆಟ್ ಡಬ್ಬಿ ಹಚ್ಚಿ ಹೋದರೆ ಸಾಲದು, ತಿಳಿಸಿಯೂ ಹೇಳಲಿ

ಸಂಪಾದಕರೇ,

ಧಾರವಾಡದ ಸಪ್ತಾಪುರ ಇರಲಿ, ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರ ಇರಲಿ, ಈಗ ಓಣಿ ಓಣಿಗೂ ಇಂಟರ್ನೆಟ್ ಲೈನ್ ಬಂದಿದೆ. ಒಳ್ಳೆಯದೇ. ಆದರೆ ಕನೆಕ್ಷನ್ ಕೊಡಲು ಬಂದ ಹುಡುಗರು ಗೋಡೆಗೆ ಡಬ್ಬಿ ಹಚ್ಚಿ, ಮೊಬೈಲಿನಲ್ಲಿ ಒಂದು ವಿಡಿಯೋ ಓಡಿಸಿ ತೋರಿಸಿ ಹೊರಟುಬಿಡುತ್ತಾರೆ. ಯಾವ ಡಬ್ಬಿಯ ಕೆಲಸ ಏನು ಅಂತ ಹೇಳುವವರಿಲ್ಲ. ಇದರಿಂದ ಜನರ ದುಡ್ಡು ಸುಮ್ನೆ ಹೋಗುತ್ತಿದೆ.

ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಇಂಟರ್ನೆಟ್ ಪದೇ ಪದೇ ನಿಲ್ಲುತ್ತಿತ್ತು. ಆಪರೇಟರ್ ಫೋನಿನಲ್ಲೇ ‘ನಿಮ್ಮ ರೂಟರ್ ಹಳೇದಾಗೇತಿ ಸರ್, ಹೊಸಾದು ತಗೋರಿ’ ಅಂದರು. ತಗೊಂಡರು. ಮತ್ತೆ ಅದೇ ಹಾಡು. ಕೊನೆಗೆ ನೋಡಿದರೆ ಮಾಳಿಗೆ ಮೇಲೆ ಟಿವಿಗೊಂದು, ಮೋಡೆಮ್‌ಗೊಂದು ಅಂತ ಕೇಬಲ್ ಒಡೆಯುವ ಸ್ಪ್ಲಿಟರ್ ಮಳೆಗೆ ತುಕ್ಕು ಹಿಡಿದಿತ್ತು. ಸಿಗ್ನಲ್ ಮನೆಯೊಳಗೇ ಸರಿಯಾಗಿ ಬರದಿದ್ದರೆ ಹೊಸ ರೂಟರ್ ಏನು ಮಾಡೀತು?

ವಿಷಯ ಕಷ್ಟದ್ದಲ್ಲ. ಟಿವಿ ಕೇಬಲ್‌ನ ದಪ್ಪ ವೈರ್‌ನಲ್ಲಿ ಬರುವ ಸಿಗ್ನಲ್ಲನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸುವುದು ಕೇಬಲ್ ಮೋಡೆಮ್. ಫೈಬರ್, ಅಂದರೆ ಬೆಳಕಿನಲ್ಲಿ ಸಿಗ್ನಲ್ ತರುವ ಗಾಜಿನ ಎಳೆ ಆದರೆ ಅದೇ ಕೆಲಸವನ್ನು ಒಎನ್‌ಟಿ ಅನ್ನೋ ಡಬ್ಬಿ ಮಾಡುತ್ತದೆ. ಹೀಗೆ ಬಂದ ಒಂದೇ ಕನೆಕ್ಷನ್ನನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆಲ್ಲ ಹಂಚಿ, ಒಂದೊಂದಕ್ಕೂ 192.168 ಅಂತ ಶುರುವಾಗುವಂಥ ಒಳಗಿನ ವಿಳಾಸ ಕೊಡುವುದು ರೂಟರ್. ವೈಫೈ ಅಂದರೆ ರೂಟರ್‌ನಿಂದ ನಿಮ್ಮ ಫೋನಿನವರೆಗಿನ ತಂತಿ ಇಲ್ಲದ ದಾರಿ, ಅಷ್ಟೇ. ಈಗ ಎಲ್ಲವೂ ಒಂದೇ ಡಬ್ಬಿಯಲ್ಲಿ ಬರುವುದರಿಂದ ಗೊಂದಲ ಜಾಸ್ತಿ. ಫೋನಿನಲ್ಲಿ ವೈಫೈ ಕಡ್ಡಿ ಪೂರ್ತಿ ಇದ್ದರೂ ಹೊರಗಿನ ಲೈನ್ ಸತ್ತಿರಬಹುದು.

ತೊಂದರೆ ಎಲ್ಲಿದೆ ಅಂತ ತಿಳಿಯಲು ಲ್ಯಾಪ್‌ಟಾಪನ್ನು ಲ್ಯಾನ್ ವೈರ್‌ನಿಂದ ರೂಟರ್‌ಗೆ ಜೋಡಿಸಿ ನೋಡಿ. ಹಾಗೆ ಚೆನ್ನಾಗಿ ಓಡಿದರೆ ತೊಂದರೆ ವೈಫೈನದ್ದು. ನಮ್ಮ ಕಡೆಯ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟಲು ವೈಫೈ ತರಂಗಗಳಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಮೇಲು, ವೇಗ ಕಡಿಮೆಯಾದರೂ ಪರವಾಗಿಲ್ಲ. ವೈರ್‌ನಲ್ಲೂ ಓಡದಿದ್ದರೆ, ಮೋಡೆಮ್ ಬೇರೆ ಇದ್ದವರು ನೇರ ಅದಕ್ಕೇ ಜೋಡಿಸಿ, ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಬೇಕು. ಎಷ್ಟೋ ಮೋಡೆಮ್‌ಗಳು ಮೊದಲು ಕಂಡ ಸಾಧನವನ್ನೇ ನೆನಪಿಟ್ಟುಕೊಂಡು ಕೂತಿರುತ್ತವೆ. ಫೈಬರ್‌ನವರಿಗೆ ಇನ್ನೂ ಸುಲಭ: ಒಎನ್‌ಟಿ ಮೇಲೆ ಎಲ್‌ಒಎಸ್ ಅನ್ನೋ ದೀಪ ಕೆಂಪಾಗಿದ್ದರೆ ಲೈನಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ, ಆಗ ಹೊಸ ರೂಟರ್ ಖರೀದಿಸಿ ಉಪಯೋಗವಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ವೇಗದ ವಿಷಯದಲ್ಲಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಅಂತ ಜನ ತಿಳಿಯುತ್ತಾರೆ. ಅದು ಮೆಗಾಬಿಟ್, ಎಂಬಿ ಅಂದರೆ ಮೆಗಾಬೈಟ್. 8 ಬಿಟ್ ಸೇರಿ 1 ಬೈಟ್, ಹಾಗಾಗಿ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 12.5 ಎಂಬಿ. ಇದನ್ನಾದರೂ ಬಿಡಿ. 200 ಎಂಬಿಪಿಎಸ್ ಪ್ಲಾನ್ ಮಾರಿ, 10/100 ಪೋರ್ಟ್ (ಹೆಚ್ಚೆಂದರೆ 100 ಎಂಬಿಪಿಎಸ್ ಹಾಯುವ, ಲ್ಯಾನ್ ವೈರ್ ಸಿಕ್ಕಿಸುವ ಕಿಂಡಿ) ಇರುವ ಡಬ್ಬಿ ಕೊಟ್ಟರೆ, ಇಲ್ಲವೇ ಲ್ಯಾನ್ ವೈರ್‌ನ 8 ಎಳೆಗಳಲ್ಲಿ ಬರೀ 4 ಜೋಡಿಸಿ ಹೋದರೆ, ಆ ವೈರ್‌ನಲ್ಲಿ 100 ದಾಟುವುದೇ ಇಲ್ಲ, ಆದರೆ ಗ್ರಾಹಕ ತಿಂಗಳು ತಿಂಗಳು 200ರ ದುಡ್ಡು ಕಟ್ಟುತ್ತಲೇ ಇರುತ್ತಾನೆ. ಇದು ಸರಿನಾ? ಅಪ್‌ಲೋಡ್ ವೇಗದ ಮಾತಂತೂ ಯಾರೂ ಎತ್ತುವುದಿಲ್ಲ. ಕೇಬಲ್ ಮೋಡೆಮ್‌ನಲ್ಲಿ ಅದು ಡೌನ್‌ಲೋಡ್‌ಗಿಂತ ತುಂಬಾ ಕಡಿಮೆ, ಲೈನನ್ನು ಅಕ್ಕಪಕ್ಕದ ಮನೆಗಳೂ ಹಂಚಿಕೊಳ್ಳುವುದರಿಂದ ಸಂಜೆ ಇನ್ನಷ್ಟು ನಿಧಾನ. ಸಪ್ತಾಪುರದ ರೂಮುಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳು ಆನ್‌ಲೈನ್ ಸಂದರ್ಶನಕ್ಕೆ ಕೂತಾಗ ಎದುರಿನವರಿಗೆ ಇವರ ಮುಖ, ದನಿ ತಲುಪುವುದು ಅಪ್‌ಲೋಡ್‌ನಿಂದಲೇ.

ಆಪರೇಟರುಗಳು ಕನೆಕ್ಷನ್ ಕೊಡುವ ದಿನ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲಿ. ಡಬ್ಬಿಯ ಮಾಡೆಲ್, ಪೋರ್ಟ್ 100ರದ್ದೋ 1000ದ್ದೋ, ಡೌನ್‌ಲೋಡ್ ಎಷ್ಟು, ಅಪ್‌ಲೋಡ್ ಎಷ್ಟು, ಯಾವ ದೀಪ ಕೆಂಪಾದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ಗ್ರಾಹಕ ದುಡ್ಡು ಕೊಟ್ಟು ತಂದ ರೂಟರ್ ಆಗಿದ್ದರೆ ಅದರ ಸೆಟ್ಟಿಂಗ್ ಬದಲಿಸಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಅವನ ಕೈಗೇ ಕೊಡಬೇಕು. ‘ಅಡ್ಮಿನ್’ ಅನ್ನೋ ಪಾಸ್‌ವರ್ಡನ್ನೇ ಹಾಗೇ ಬಿಟ್ಟು ಹೋಗುವುದು ನಿಲ್ಲಬೇಕು. ನಿಮ್ಮ ಪತ್ರಿಕೆಯೂ ಅವಳಿ ನಗರದ ಪುಟದಲ್ಲಿ ಈ ಬಗ್ಗೆ ಒಂದು ಚಿತ್ರಸಹಿತ ಮಾಹಿತಿ ಹಾಕಿದರೆ ನಾವೇ ಕತ್ತರಿಸಿ ಡಬ್ಬಿಯ ಪಕ್ಕ ಅಂಟಿಸಿಕೊಳ್ಳುತ್ತೇವೆ.

– ನಿಮ್ಮ ಓದುಗ, ಸಪ್ತಾಪುರ, ಧಾರವಾಡ