ನನ್ನ ಕಿವಿ ತಿದ್ದಿದವರಿಗೆ

ಕಳೆದ ಭಾನುವಾರ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ನಮ್ಮ ಚಿತ್ರವನ್ನು ಅದಕ್ಕಾಗಿ ದುಡಿದವರಿಗೆ ಮೊದಲು ತೋರಿಸಿದೆವು. ಆರು ವರ್ಷಗಳ ಹಿಂದೆ ಶುರುವಾಗಿ ಅರ್ಧಕ್ಕೆ ನಿಂತಿದ್ದ ಚಿತ್ರ ಅದು. ಕನ್ನಡ, ಮಲಯಾಳ, ತಮಿಳು, ತೆಲುಗು ಎಲ್ಲ ಸೇರಿ ನಾನು ನಿರ್ದೇಶಿಸಿದ ಏಳನೆಯದು. ಪ್ರದರ್ಶನ ಮುಗಿದು ವೇದಿಕೆಗೆ ಕರೆದಾಗ ಗಂಟಲು ಕಟ್ಟಿಬಂದು, ನಾಲ್ಕು ಹೆಸರು ಹೇಳುವಷ್ಟರಲ್ಲಿ ಮೈಕು ಕೆಳಗಿಟ್ಟೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳೆಲ್ಲ ಚಿತ್ರದ ಕೊನೆಯ ಪಟ್ಟಿಯಲ್ಲಿವೆ. ಇಲ್ಲಿ ಬರೆಯುವುದು ಪಟ್ಟಿಯಲ್ಲಿ ಹಿಡಿಸದ ಸಂಗತಿಗಳನ್ನು ಮಾತ್ರ.

ಮೊದಲ ಋಣ ಹೆಗ್ಗೋಡಿನದು. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನೂ ಕಟ್ಟಿತು. ಸಾಗರ ಪೇಟೆಯ ಟಾಕೀಸನ್ನು ಬಿಟ್ಟರೆ ಬೇರೆ ಸಿನಿಮಾ ಕಾಣದ ನನ್ನಂಥ ಹುಡುಗರು ಅಡಿಕೆ ತೋಟಗಳ ನಡುವಿನ ಆ ರಂಗಮಂದಿರದಲ್ಲಿ ಕುಳಿತು, ಒಂದು ಮಾತೂ ಅರ್ಥವಾಗದ ಭಾಷೆಗಳ ಚಿತ್ರಗಳನ್ನು ನೋಡಿದೆವು. ಮಾತು ತಿಳಿಯದಿದ್ದಾಗ ದನಿಯ ಏರಿಳಿತ ಕೇಳಿಸುತ್ತದೆ, ಮೌನ ಕೇಳಿಸುತ್ತದೆ. ಮುಂದೆ ಕೊಚ್ಚಿಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಭಾಷೆ ಅರೆಬರೆ ಬರುತ್ತಿದ್ದರೂ ಮಾನಿಟರಿನ ಮುಂದೆ ಕೂರುವ ಧೈರ್ಯ ನನಗೆ ಬಂದದ್ದು ಅಲ್ಲಿಂದಲೇ.

ಭಾಷೆ ದಾಟಿ ಚಿತ್ರ ಮಾಡಿದೆನೆಂದು ಕೆಲವರು ನನ್ನನ್ನು ಹೊಗಳುವುದುಂಟು. ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಪುಟ್ಟಣ್ಣ ಕಣಗಾಲರು ನಿರ್ದೇಶಕರಾದದ್ದು 1964ರಲ್ಲಿ, ಮಲಯಾಳದಲ್ಲಿ. ಬಾಲು ಮಹೇಂದ್ರ 1977ರಲ್ಲಿಯೂ ಮಣಿರತ್ನಂ 1983ರಲ್ಲಿಯೂ ತಮ್ಮ ಮೊದಲ ಚಿತ್ರವನ್ನು ಕನ್ನಡದಲ್ಲಿ ಮಾಡಿದರು. ಮಲೆನಾಡಿನ ಮಟ್ಟಿಗೇ ಹೇಳುವುದಾದರೆ, ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಿಸಿದ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ಕವಿ, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. 1970ರ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಅಗ್ರಹಾರದ ಮಾತಿನ ಧಾಟಿಯನ್ನು ಅವರ ಕಿವಿಯಲ್ಲಿ ಹೇಳಿಕೊಟ್ಟವರು ಯಾರಾದರೂ ಇದ್ದಿರಲೇಬೇಕು ಎಂಬುದು ನನ್ನ ಊಹೆ. ನನಗಂತೂ ಇದ್ದರು, ಈ ಬರಹ ಅವರಿಗಾಗಿ.

ನನ್ನ ಮೊದಲ ಕನ್ನಡ ಚಿತ್ರದಲ್ಲಿ ಹೆಂಡತಿ ಹಿತ್ತಿಲಿನಿಂದ ‘ರೀ’ ಎಂದು ಒಮ್ಮೆ ಕೂಗುತ್ತಾಳೆ, ಜಗುಲಿಯಲ್ಲಿ ಕುಳಿತ ಗಂಡ ತಲೆಯೆತ್ತುತ್ತಾನೆ. ಅವರ ದಾಂಪತ್ಯದ ದಣಿವೆಲ್ಲ ಆ ಒಂದಕ್ಷರದಲ್ಲಿ ಇತ್ತು. ಅದೇ ಕಥೆಯನ್ನು ಮಲಯಾಳದಲ್ಲಿ ಮಾಡುವಾಗ ನಟಿ ‘ಚೇಟ್ಟಾ’ ಎಂದರು. ಅಲ್ಲಿ ಅಣ್ಣನನ್ನು ಕರೆಯುವುದೂ ಹಾಗೆಯೇ. ನನ್ನ ಕಿವಿಗೆ ಅದು ‘ಅಣ್ಣಾ’ ಎಂದೇ ಬಿದ್ದು, ಏನೋ ಕೆಟ್ಟಿತೆಂದು ಐದು ಟೇಕ್ ತೆಗೆಸಿದೆ. ಕೊನೆಗೆ ಸಹನಿರ್ದೇಶಕರು ಬದಿಗೆ ಕರೆದು, ತಮ್ಮ ಮನೆಗಳಲ್ಲಿ ಪ್ರೀತಿಯೂ ಸಿಟ್ಟೂ ಬೇಸರವೂ ಅದೇ ಕರೆಯಲ್ಲಿ ಬರುತ್ತವೆಂದು, ನಾನು ಶಬ್ದವನ್ನು ಬಿಟ್ಟು ದನಿಯನ್ನಷ್ಟೇ ಕೇಳಬೇಕೆಂದು ಮೆಲ್ಲಗೆ ಹೇಳಿದರು. ಮೊದಲ ಟೇಕೇ ಸರಿಯಾಗಿತ್ತು. ತಮಿಳಿನ ‘ಎನ್ನಂಗ’, ತೆಲುಗಿನ ‘ಏವಂಡೀ’ ಅರ್ಥದಲ್ಲಿ ನಮ್ಮ ‘ರೀ’ಗೆ ಹತ್ತಿರದವು, ಆದರೆ ಉದ್ದ ಬೇರೆ. ಒಂದಕ್ಷರದ ಅಳತೆಗೆ ಕತ್ತರಿಸಿದ್ದ ಶಾಟಿನಲ್ಲಿ ಅವು ಹಿಡಿಯಲಿಲ್ಲ. ಚೆನ್ನೈಯ ಸಂಕಲನಕಾರರು ಕರೆ ಮುಗಿಯುವ ಮುನ್ನವೇ ಗಂಡನ ಮುಖ ತಂದಿಟ್ಟು, ಅವನು ಕೇಳಿಯೂ ಕೇಳದಂತೆ ಕುಳಿತಿರುವ ಒಂದು ಕ್ಷಣವನ್ನು ಹುಟ್ಟಿಸಿದರು. ಮೂಲದಲ್ಲಿ ಅದು ಇರಲಿಲ್ಲ. ರೀಮೇಕ್ ಎಂದರೆ ಬರೀ ನಕಲು ಎನ್ನುವವರಿಗೆ ಆ ಒಂದು ಕಟ್ ತೋರಿಸಬೇಕೆಂಬ ಆಸೆ ನನಗೆ ಇಂದಿಗೂ ಇದೆ.

ಈಗಿನ ಕನ್ನಡ ಚಿತ್ರದಲ್ಲಿ ತೊಡಕು ತಿರುಗುಮುರುಗಾಗಿ ಬಂತು. ಚಿತ್ರಕಥೆಯನ್ನು ನಾನು ಮಲಯಾಳದ ಲೇಖಕರೊಬ್ಬರ ಜೊತೆ ಕುಳಿತು ಬರೆದದ್ದು. ಕತ್ತಲೆಯ ಅಂಗಳಕ್ಕೆ ಯಾರೋ ಬರುತ್ತಾರೆ. ಒಳಗಿನ ಮುದುಕಿ ‘ವನ್ನು’ ಎನ್ನುತ್ತಾಳೆ. ಮಲಯಾಳದ ಕ್ರಿಯಾಪದಕ್ಕೆ ಲಿಂಗ ವಚನಗಳ ಹಂಗಿಲ್ಲದ ಕಾರಣ ಬಂದವನು ಮಗನೋ, ಬಂದವಳು ಸೊಸೆಯೋ ಗೊತ್ತಾಗುವುದಿಲ್ಲ, ದೃಶ್ಯದ ಜೀವವೇ ಅದು. ಕನ್ನಡದಲ್ಲಿ ‘ಬಂದ’ ಎಂದರೂ ‘ಬಂದಳು’ ಎಂದರೂ ಗುಟ್ಟು ರಟ್ಟು. ಎರಡು ದಿನ ತಲೆ ಕೆಡಿಸಿಕೊಂಡೆವು. ನಾವು ಚಿತ್ರೀಕರಣಕ್ಕೆ ಇಳಿದಿದ್ದ ಮನೆಯ ಅಮ್ಮಮ್ಮ, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಇದನ್ನೆಲ್ಲ ಕೇಳುತ್ತಿದ್ದವರು, ತಲೆಯೆತ್ತದೆ ಹೇಳಿದರು: “ಯಾರು ಅಂತ ಹೇಳ್ಬಾರ್ದು ಅಂದ್ರೆ ‘ಬಂದಾತು’ ಅಂದ್ರೆ ಆತಲ್ಲ ಅಪ್ಪೀ.” ಚಿತ್ರದಲ್ಲಿ ಇರುವುದು ಅವರದೇ ಮಾತು. ಸಂಭಾಷಣೆಗೆಂದು ಸಂಭಾವನೆ ಕೊಡಲು ಹೋದರೆ, ಆ ದುಡ್ಡಿನಲ್ಲಿ ಹುಡುಗರಿಗೆ ಒಂದು ಹೊತ್ತು ಸರಿಯಾಗಿ ಊಟ ಹಾಕಿಸು ಎಂದು ಗದರಿಸಿ ಕಳಿಸಿದರು.

ಬೆಳಕಿನ ವಿಭಾಗದವರಿಗೂ ಒಂದು ಮಾತು ಸಲ್ಲಬೇಕು. ತೆಲುಗು ಚಿತ್ರವೊಂದಕ್ಕಾಗಿ ಹೈದರಾಬಾದಿನ ತಂಡವನ್ನು ಆಗುಂಬೆಗೆ ಕರೆತಂದಾಗ ಮಳೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಗರ್ವ ನನಗಿತ್ತು. ಮಳೆಗೆ ಹಿಂದಿನಿಂದ ಬೆಳಕು ಬೀಳದಿದ್ದರೆ ಹನಿ ಕ್ಯಾಮೆರಾಕ್ಕೆ ಕಾಣುವುದಿಲ್ಲವೆಂದು, ಒಂದು ಶಾಟಿಗೂ ಇನ್ನೊಂದಕ್ಕೂ ನಡುವೆ ನಿಜವಾದ ಮಳೆ ನಮಗಾಗಿ ಕಾಯುವುದಿಲ್ಲವೆಂದು ತೋರಿಸಿಕೊಟ್ಟವರು ಮುಖ್ಯ ಲೈಟ್‌ಮನ್. ಆಷಾಢದ ಆಗುಂಬೆಯಲ್ಲಿ ಟ್ಯಾಂಕರಿನಿಂದ ಮಳೆ ಸುರಿಸಿದ ನಿರ್ದೇಶಕನೆಂದು ಊರವರು ಈಗಲೂ ನಗುತ್ತಾರೆ.

ಕಷ್ಟದ ಕಾಲದ ಬಗ್ಗೆ ಹೆಚ್ಚು ಬರೆಯಲಾರೆ. ಮೊದಲ ನಿರ್ಮಾಪಕರು ನಡುವೆಯೇ ಕೈಬಿಟ್ಟರು. ಬೇರೆಯವರನ್ನು ಹುಡುಕುವಷ್ಟರಲ್ಲಿ 2020ರ ಮಾರ್ಚ್ ಬಂದು ಚಿತ್ರಮಂದಿರಗಳೇ ಮುಚ್ಚಿದವು. ಹಳೆಯ ಸಿಟ್ಟು ಈಗ ಉಳಿದಿಲ್ಲ, ಆದರೆ ಲೈಟ್ ಹುಡುಗರ, ಪ್ರೊಡಕ್ಷನ್ ಹುಡುಗರ ಬಾಟಾ, ಅಂದರೆ ದಿನಭತ್ಯೆ, ಬಾಕಿ ಉಳಿಯಿತೆಂಬ ನಾಚಿಕೆ ಬಹಳ ಕಾಲ ಉಳಿದಿತ್ತು. ಅವರಲ್ಲಿ ಒಬ್ಬರೂ ಮನೆಯ ಬಾಗಿಲಿಗೆ ಬಂದು ಕೇಳಲಿಲ್ಲ. ಆ ಬಾಕಿ ಈಗ ಪೂರ್ತಿ ತೀರಿದೆ, ತಡವಾದುದಕ್ಕೆ ಕ್ಷಮೆ ಇರಲಿ. ಕೊಚ್ಚಿಯ ಶಬ್ದಗ್ರಾಹಕರು ಎರಡನೆಯ ಸಲ ತಮ್ಮದೇ ಖರ್ಚಿನಲ್ಲಿ ಬಂದು, ಜೀರುಂಡೆಗಳು ಸುಮ್ಮನಾಗುವವರೆಗೆ ರಾತ್ರಿಯೆಲ್ಲ ಕಾದು ಮಾತು ಹಿಡಿದರು. ಊರವರು ನಮ್ಮ ಟೇಕಿನ ಹೊತ್ತಿಗೆ ತೋಟದ ಪಂಪು ನಿಲ್ಲಿಸಿಕೊಟ್ಟರು. ಇಬ್ಬರು ಗೆಳೆಯರು ಒಳ್ಳೆಯ ದರಕ್ಕೆಂದು ಕಾದಿಟ್ಟಿದ್ದ ರಾಶಿ ಅಡಿಕೆಯನ್ನು ದರ ಇಳಿದಿದ್ದಾಗಲೇ ಮಂಡಿಗೆ ಹಾಕಿ, ಆ ಹಣವನ್ನು ಚೀಟಿಯಿಲ್ಲದೆ ನನ್ನ ಕೈಗಿಟ್ಟರು.

ಅಮ್ಮಮ್ಮ ಭಾನುವಾರ ಮೊದಲ ಸಾಲಿನಲ್ಲಿ ಕುಳಿತಿದ್ದರು. ‘ಬಂದಾತು’ ಎಂಬ ಮಾತು ಬಂದಾಗ ಸಭೆ ಉಸಿರು ಹಿಡಿಯಿತು, ಅವರು ಮಾತ್ರ ಪಕ್ಕದವರಿಗೆ ಏನೋ ಹೇಳಿ ನಕ್ಕರು. ಹೊರಡುವಾಗ ನನ್ನನ್ನು ಕರೆದು, ಪ್ರಾಪರ್ಟಿಗೆಂದು ಕೊಂಡೊಯ್ದ ಎರಡು ಮೆಟ್ಟುಗತ್ತಿ ಎಲ್ಲಿ ಎಂದು ಕೇಳಿದರು. ಅವು ನಮ್ಮ ಆಫೀಸಿನ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿವೆ. ಅಡಿಕೆಯ ಕೊನೆಕೊಯ್ಲು ಶುರುವಾಗುವ ಮೊದಲು ಸಾಣೆ ಹಿಡಿಸಿ ತಂದೊಪ್ಪಿಸುತ್ತೇನೆ.