ಓಹಾಯೊದ ಸಾಲಿನಲ್ಲಿ ನಿಂತವರನ್ನು ಕೇಳಿ

ಮಾನ್ಯರೇ,

ಶನಿವಾರದ ನಿಮ್ಮ ಪತ್ರಿಕೆಯ ವಿದೇಶ ಸುದ್ದಿ ಓದಿ ಮೈ ಉರಿದುಹೋಯಿತು. ಅಧ್ಯಕ್ಷರ ಚುನಾವಣೆಯಲ್ಲಿ ಬುಷ್ ಕೆರಿಯವರನ್ನು ಸೋಲಿಸಿದ ಮೇಲೆ, ಅಮೆರಿಕದ ಸಂಸತ್ತಿನಲ್ಲಿ ಓಹಾಯೊ ರಾಜ್ಯದ ಮತಗಳಿಗೆ ಇಬ್ಬರು ಸಂಸದೆಯರು ತಕರಾರು ಎತ್ತಿದ್ದು ಸೋತ ಪಕ್ಷದ ರಂಪ ಎಂಬ ಧಾಟಿಯಲ್ಲಿ ನಾಲ್ಕು ಸಾಲು ಬರೆದು ಕೈ ತೊಳೆದುಕೊಂಡಿದ್ದೀರಿ. ಅದರ ಕೆಳಗೇ ಯಾವುದೋ ನಟಿಯ ಮದುವೆ ಸುದ್ದಿ, ಸೀರೆಯ ಬಣ್ಣದಿಂದ ಹಿಡಿದು ಊಟದ ಎಲೆಯವರೆಗೆ. ಓಹಾಯೊದ ಜನ ಯಾಕೆ ಸಿಟ್ಟಾಗಿದ್ದಾರೆ ಅನ್ನುವುದಕ್ಕೆ ಮಾತ್ರ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ. ನಾನು ಇರುವುದು ಓಹಾಯೊದಲ್ಲೇ. ಪೌರತ್ವ ಸಿಕ್ಕ ಮೇಲೆ ಇದು ನನ್ನ ಮೊದಲ ಓಟು.

2004ರ ನವೆಂಬರ್ 2, ಮಂಗಳವಾರ. ಇಲ್ಲಿ ಓಟಿಗೆ ರಜೆ ಇಲ್ಲ, ಮಾಮೂಲಿ ಕೆಲಸದ ದಿನ. ಬೆಳಿಗ್ಗೆ ಆರೂವರೆಗೆ ಮತಗಟ್ಟೆ ತೆರೆಯುತ್ತಾರೆ, ಓಟು ಹಾಕಿ ಹಾಗೇ ಡ್ಯೂಟಿಗೆ ಹೋಗೋಣ ಅಂತ ಕತ್ತಲಲ್ಲೇ ಹೊರಟೆ. ನೋಡಿದರೆ ಸಾಲು ಕಟ್ಟಡದಿಂದ ಹೊರಬಂದು, ಪಾರ್ಕಿಂಗ್ ಸುತ್ತಿ, ರಸ್ತೆ ಮುಟ್ಟಿದೆ. ಮೇಲಿಂದ ಮಳೆ. ಒಳಗೆ ಇದ್ದದ್ದು ಮೂರು ಯಂತ್ರ, ಅದರಲ್ಲೂ ಒಂದು ಆಗಾಗ ಮುಷ್ಕರ ಹೂಡುತ್ತಿತ್ತು. ಅಧ್ಯಕ್ಷರಿಂದ ಹಿಡಿದು ಜಡ್ಜ್‌ಗಳ ತನಕ ಉದ್ದ ಪಟ್ಟಿ, ಜೊತೆಗೆ ಮದುವೆಯ ಕುರಿತ ರಾಜ್ಯ ಸಂವಿಧಾನದ ತಿದ್ದುಪಡಿಗೆ ಓಟು ಬೇರೆ. ಎಲ್ಲ ಓದಿ ಗುಂಡಿ ಒತ್ತುವಷ್ಟರಲ್ಲಿ ಹೊರಗೆ ನಿಂತವರ ಛತ್ರಿ ಸೋರುತ್ತಿರುತ್ತದೆ.

ನನ್ನ ಮುಂದೆ ಒಬ್ಬರು ಕಪ್ಪು ಹೆಂಗಸು ನಿಂತಿದ್ದರು. ವೃದ್ಧಾಶ್ರಮದಲ್ಲಿ ಕೆಲಸವಂತೆ. ತಲೆಗೂದಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ಬಾಗಿಲು ಕಾಣುವಷ್ಟು ಹತ್ತಿರ ಬಂದ ಮೇಲೆ, ಇನ್ನು ತಡವಾದರೆ ಕೆಲಸ ಹೋಗುತ್ತದೆ ಎಂದು ಹೇಳಿ ಸಾಲು ಬಿಟ್ಟು ಹೊರಟೇಹೋದರು. ಡಿಸೆಂಬರಿನಲ್ಲಿ ಓಹಾಯೊದಲ್ಲಿ ಮರುಎಣಿಕೆಯೂ ಆಯಿತು, ಬುಷ್ ಗೆಲುವು ಸುಮಾರು 1,18,000 ಮತಗಳ ಅಂತರದಲ್ಲಿ ಗಟ್ಟಿಯಾಯಿತು. ಸಂತೋಷ. ಆದರೆ ಹಾಕಲಾಗದೆ ವಾಪಸ್ ಹೋದ ಆ ಓಟನ್ನು ಯಾವ ಯಂತ್ರದಲ್ಲಿ ಎಣಿಸಿದರು? ಅಂಥವರು ಎಷ್ಟು ಜನ ಅನ್ನುವ ಲೆಕ್ಕ ಯಾರ ಹತ್ತಿರ ಇದೆ?

ನನ್ನ ಕಥೆಯೂ ಏನು ಸುಖದ್ದಲ್ಲ. ಒಳಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಪ್ಪನ ಹೆಸರನ್ನು ಮುಂದೆ ಮಾಡಿ ನನ್ನದನ್ನು ಹಿಂದೆ ಹಾಕಿದ್ದರು. ನೋಂದಣಿ ಮಾಡುವಾಗ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ, ಅಕ್ಷರ ಅಕ್ಷರ ಬಿಡಿಸಿ ಹೇಳಿಯೂ ಇದ್ದೆ. ಹುಡುಕಿ ಸಿಕ್ಕ ಮೇಲೆ, ಹೊರಗೆ ಜನ ಕಾಯುತ್ತಿದ್ದಾರೆ, ಐದು ನಿಮಿಷದಲ್ಲಿ ಮುಗಿಸಿ ಅಂತ ನನಗೇ ಬುದ್ಧಿ ಹೇಳಿದರು! ಅರ್ಧ ದಿನದ ಸಂಬಳ ಹೋಯಿತು. ಶೂ ನೆಂದು ವಾರಗಟ್ಟಲೆ ವಾಸನೆ. ಮಗುವನ್ನು ಕರೆತರಲು ತಡವಾಯಿತು ಅಂತ ಡೇಕೇರಿನವರು ದಂಡ ಹಾಕಿದರು. ನೆಗಡಿ ದೀಪಾವಳಿ ತನಕ ಬಿಡಲಿಲ್ಲ. ಅತ್ತೆಯವರು ಫೋನಿನಲ್ಲಿ, ಅಲ್ಲಮ್ಮಾ, ಅಮೆರಿಕದಲ್ಲೂ ಹೀಗಾ ಅಂತ ಕೇಳಿದರು. ಏನು ಹೇಳಲಿ?

ನಮ್ಮ ಮತಗಟ್ಟೆಯದು ಒಂದು ಮಾತೇ ಅಲ್ಲ ಬಿಡಿ. ಕೆನ್ಯನ್ ಕಾಲೇಜು ಇರುವ ಗ್ಯಾಂಬಿಯರ್‌ನಲ್ಲಿ ಎರಡೇ ಯಂತ್ರ. ಅಲ್ಲಿ ಕೊನೆಯವರು ಓಟು ಹಾಕಿದಾಗ ಮಾರನೇ ದಿನದ ಬೆಳಗಿನ ಜಾವ. ರಾಜ್ಯದ ರಾಜಧಾನಿ ಕೊಲಂಬಸ್ ನಗರದೊಳಗೆ ಕಪ್ಪು ಜನ ಜಾಸ್ತಿ ಇರುವ ಕಡೆ ಗಂಟೆಗಟ್ಟಲೆ ಸಾಲು, ಊರಾಚೆಯ ಸಿರಿವಂತರ ಬಡಾವಣೆಗಳಲ್ಲಿ ಬಂದ ಹಾಗೇ ಓಟು ಹಾಕಿ ಹೋದವರು ಬೇಕಾದಷ್ಟು. ಪಕ್ಕದ ಗಹಾನದ ಒಂದು ಮತಗಟ್ಟೆಯಲ್ಲಿ 638 ಜನ ಓಟು ಹಾಕಿದರೆ ಬುಷ್ ಒಬ್ಬರಿಗೇ 4,258 ಮತ ಬಂತು! ಆಮೇಲೆ 365 ಎಂದು ತಿದ್ದಿದರು. ಅಲ್ಲಿ ಸಂಖ್ಯೆ ಊರಗಲ ಇದ್ದದ್ದರಿಂದ ಕಣ್ಣಿಗೆ ಬಿತ್ತು. ಸಣ್ಣದಾಗಿದ್ದರೆ?

ಇದನ್ನೆಲ್ಲ ನಡೆಸಿದವರು ಯಾರು ಅಂದರೆ ಆಗಿನ ರಾಜ್ಯ ಕಾರ್ಯದರ್ಶಿ ಕೆನ್ ಬ್ಲ್ಯಾಕ್‌ವೆಲ್. ಚುನಾವಣೆಯ ಮೇಲಧಿಕಾರಿಯೂ ಅವರೇ, ಓಹಾಯೊದ ಬುಷ್ ಪ್ರಚಾರ ಸಮಿತಿಯ ಗೌರವ ಸಹ ಅಧ್ಯಕ್ಷರೂ ಅವರೇ. ಗಂಡಿನ ಸೋದರಮಾವನನ್ನೇ ವರದಕ್ಷಿಣೆ ಪಂಚಾಯ್ತಿಗೆ ಕೂರಿಸಿದ ಹಾಗೆ. ಸೆಪ್ಟೆಂಬರಿನಲ್ಲಿ ನೋಂದಣಿ ಅರ್ಜಿಯ ಕಾಗದ ತೆಳ್ಳಗಿದ್ದರೆ ನಡೆಯುವುದಿಲ್ಲ, ದಪ್ಪ ಕಾಗದವೇ ಬೇಕು ಅಂತ ಫರ್ಮಾನು ಹೊರಡಿಸಿದ್ದ ಮಹಾನುಭಾವರು. ಗಲಾಟೆ ಆದ ಮೇಲೆ ಹಿಂದೆ ಸರಿದರು. ಸರಿಯಾದ ಮತಗಟ್ಟೆ ಬಿಟ್ಟು ಬೇರೆ ಕಡೆ ಹಾಕಿದ ತಾತ್ಕಾಲಿಕ ಮತ, ಅಂದರೆ ಪಟ್ಟಿಯಲ್ಲಿ ಹೆಸರು ಸಿಗದವರು ಹಾಕುವ ಓಟು, ಲೆಕ್ಕಕ್ಕಿಲ್ಲ ಎಂದದ್ದೂ ಅವರೇ. ಇಷ್ಟಾದ ಮೇಲೆ ಎಲ್ಲ ಸುಸೂತ್ರ ಅನ್ನುತ್ತಾರೆ.

ಈಗ 2005ರ ಜನವರಿ 6ರಂದು ಸಂಸತ್ತು ರಾಜ್ಯಗಳ ಮತ ಎಣಿಸಿದ ವಿಷಯಕ್ಕೆ ಬರುತ್ತೇನೆ. ಕ್ಲೀವ್‌ಲ್ಯಾಂಡಿನ ಸ್ಟೆಫನಿ ಟಬ್ಸ್ ಜೋನ್ಸ್ ಕೆಳಮನೆಯಿಂದ, ಕ್ಯಾಲಿಫೋರ್ನಿಯಾದ ಬಾರ್ಬರಾ ಬಾಕ್ಸರ್ ಮೇಲ್ಮನೆಯಾದ ಸೆನೆಟ್‌ನಿಂದ ತಕರಾರಿಗೆ ಸಹಿ ಹಾಕಿದರು. 1887ರ ಕಾನೂನಿನ ಪ್ರಕಾರ ಆಗ ಎರಡೂ ಮನೆಯ ಒಬ್ಬೊಬ್ಬರ ಸಹಿ ಇದ್ದರೆ ಮಾತ್ರ ತಕರಾರು ಚರ್ಚೆಗೆ ಬರುತ್ತಿತ್ತು. ಫಲಿತಾಂಶ ತಿರುಗಿಸುವುದು ನಮ್ಮ ಉದ್ದೇಶವಲ್ಲ, ಓಟು ಹಾಕಲು ಜನ ಪಟ್ಟ ಪಾಡು ಚರ್ಚೆ ಆಗಲಿ ಎಂದು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ನಿಮ್ಮ ವರದಿಯಲ್ಲಿ ಈ ಮಾತು ಎಲ್ಲಿದೆ? ಸೆನೆಟ್‌ನಲ್ಲಿ 74ಕ್ಕೆ 1 ಮತದಿಂದ ತಕರಾರು ಬಿತ್ತು. ಆ ಒಂದು ಮತ ಬಾಕ್ಸರ್ ಅವರದ್ದೇ. ಕೆಳಮನೆಯಲ್ಲಿ 267ಕ್ಕೆ 31. ಬೀಳುತ್ತದೆ ಅಂತ ಗೊತ್ತಿದ್ದೂ ಒಂಟಿಯಾಗಿ ಎದ್ದು ನಿಲ್ಲುವುದು ನಿಮಗೆ ರಂಪ. ಸೋತ ಕೆರಿ ಸಾಹೇಬರು ಆಗ ಮಧ್ಯಪ್ರಾಚ್ಯ ಪ್ರವಾಸದಲ್ಲಿದ್ದರು, ಸಹಿಯ ಗೋಜಿಗೇ ಬರಲಿಲ್ಲ. ಹಾಗಾದರೆ ಇದು ಸೋತವರ ರಂಪ ಹೇಗಾಯಿತು ಸ್ವಾಮಿ?

2001ರಲ್ಲಿ ಏನಾಯಿತು ನೆನಪಿದೆಯಾ? ಅದಕ್ಕೆ ಮುಂಚೆ 2000ದ ಚುನಾವಣೆಯಲ್ಲಿ ಬುಷ್ ಫ್ಲಾರಿಡಾ ಗೆದ್ದದ್ದು 537 ಮತದ ಅಂತರದಲ್ಲಿ. ಕಪ್ಪು ಸಂಸದರು ಒಬ್ಬರಾದ ಮೇಲೆ ಒಬ್ಬರು ಎದ್ದು ಆಕ್ಷೇಪ ಹೇಳಿದರು, ಸೆನೆಟ್‌ನ ಒಬ್ಬರೂ ಸಹಿ ಹಾಕಲಿಲ್ಲ. ಅವರನ್ನು ಕೂರಿಸಿದ್ದು ಉಪಾಧ್ಯಕ್ಷರಾಗಿ ಪೀಠದಲ್ಲಿದ್ದ ಅಲ್ ಗೋರ್, ಅಂದರೆ ಆ ಚುನಾವಣೆಯಲ್ಲಿ ಸೋತವರೇ! ಈ ಸಲ ಬಾಕ್ಸರ್ ಸಹಿ ಹಾಕಿದ್ದರಿಂದ ಎರಡೂ ಮನೆಯಲ್ಲಿ ಇದರ ಮಾತಾದರೂ ಆಯಿತು. ಅದಕ್ಕಾದರೂ ಒಂದು ಕಾಲಂ ಕೊಡಬಹುದಿತ್ತು.

ನಮ್ಮ ಕಡೆಯವರೇನು ಕಡಿಮೆ ಇಲ್ಲ. ಮೊನ್ನೆ ಸಂಘದ ಮೀಟಿಂಗಿನಲ್ಲಿ ಒಬ್ಬರು, ಸುಮ್ನೆ ಯಾಕ್ರೀ ತಲೆ ಕೆಡಿಸಿಕೊಳ್ತೀರಾ, ಗೆದ್ದವರು ಗೆದ್ದಾಯ್ತು ಅಂದರು. ಅವರು ಓಟೇ ಹಾಕಿಲ್ಲ, ಮಳೆ ಇತ್ತಂತೆ. ಅತ್ತ ಊರಿನಲ್ಲಿ, ಕರ್ನಾಟಕದಲ್ಲಿ, 2004ರ ಏಪ್ರಿಲ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಓಟು ನಡೆಯಿತು. ಯಂತ್ರದಲ್ಲೇ ಆಯಿತು, ಬೆರಳಿಗೆ ಮೈಸೂರಿನ ಶಾಯಿ, ರಜೆಯೂ ಕೊಟ್ಟರು. ಚುನಾವಣಾ ಆಯುಕ್ತರು ಯಾವುದಾದರೂ ಪಕ್ಷದ ಪ್ರಚಾರ ಸಮಿತಿಯಲ್ಲಿ ಹೋಗಿ ಕೂತರೆ ನಮ್ಮವರು ಸುಮ್ಮನಿರುತ್ತಿದ್ದರಾ? ಹಾಗಂತ ಊರಿನ ತಾಲ್ಲೂಕು ಕಚೇರಿಯವರನ್ನು ಹೊಗಳಬೇಕಿಲ್ಲ. ತೀರಿಕೊಂಡ ಮಾವನವರ ಹೆಸರು ಈಗಲೂ ಮತದಾರರ ಪಟ್ಟಿಯಲ್ಲಿ ಭದ್ರವಾಗಿದೆ, ಬದುಕಿರುವ ಅತ್ತೆಯವರ ಹೆಸರನ್ನು ಹೊಡೆದುಹಾಕಿದ್ದಾರೆ. ಅರ್ಜಿ ಕೊಟ್ಟರೆ, ನಿಮ್ಮ ಅತ್ತೆ ಬದುಕಿದ್ದಾರೆ ಅಂತ ಸರ್ಟಿಫಿಕೇಟ್ ತನ್ನಿ ಅಂದರಂತೆ. ಎದುರಿಗೆ ನಿಂತಿದ್ದವರು ಯಾರಪ್ಪಾ ಮತ್ತೆ!

ಆದ್ದರಿಂದ ನೀವು ಆ ಸುದ್ದಿಗೆ ತಿದ್ದುಪಡಿ ಹಾಕಬೇಕು. ತಿದ್ದುಪಡಿ ಆಗದಿದ್ದರೆ ದೊಡ್ಡದಾಗಿ ಒಂದು ಲೇಖನವನ್ನಾದರೂ ಹಾಕಿ. ಇಲ್ಲಿಯ ಅಧಿಕಾರಿಗಳು ಮುಂದಿನ ಸಲ ಯಂತ್ರ ಜಾಸ್ತಿ ಕೊಡಲಿ, ಇಲ್ಲವೇ ರಜೆ ಕೊಡಲಿ, ಎರಡೂ ಕೊಟ್ಟರೆ ಇನ್ನೂ ಒಳ್ಳೆಯದು. ತಾಲ್ಲೂಕು ಕಚೇರಿಯವರಿಗೂ ಯಾರಾದರೂ ಹೇಳಿ. ತೆರಿಗೆ ನೋಟಿಸು ಕಳಿಸುವಾಗ ಮಾತ್ರ ನನ್ನ ಹೆಸರು ಇಲ್ಲಿಯ ಅಧಿಕಾರಿಗಳಿಗೆ ಒಂದಕ್ಷರ ತಪ್ಪುವುದಿಲ್ಲ. ನಾಚಿಕೆ ಆಗಬೇಕು ಇವರಿಗೆ.

ಇಂತಿ,
ಓಹಾಯೊದಿಂದ ನಿಮ್ಮ ಓದುಗಿ